ಚೇರ್ಮನ್ರು, ಪ್ರಧಾನರು, ಅಧ್ಯಕ್ಷರು: ಪಂಚಾಯ್ತಿ ಮೆಂಬರ ಬೆನ್ನಿಗೆ ಯಾರಿದ್ದರು?

ಮಾಡದಕೆರೆ ಹೋಬಳಿಯ ಹಳ್ಳಿಗಳಲ್ಲಿ ಹಳಬರನ್ನು ಮಾತಿಗೆಳೆದರೆ ಪಂಚಾಯ್ತಿಯ ಇತಿಹಾಸ ಮನೆ ಹೆಸರುಗಳಲ್ಲೇ ಸಿಗುತ್ತದೆ. ಎಂಬತ್ತು ದಾಟಿದವರು 'ಚೇರ್ಮನ್ರ ಮನೆ' ಅಂತ ಒಂದು ಮನೆ ತೋರಿಸುತ್ತಾರೆ. ಅರವತ್ತರ ಆಸುಪಾಸಿನವರ ಬಾಯಲ್ಲಿ 'ಪ್ರಧಾನರು' ಅನ್ನೋ ಮಾತು ಬರುತ್ತದೆ. ಈಗಿನ ಹುಡುಗರಿಗೆ ಗೊತ್ತಿರುವುದು 'ಅಧ್ಯಕ್ಷರು' ಮಾತ್ರ. ಮೂರೂ ಒಂದೇ ಕುರ್ಚಿಯ ಹೆಸರುಗಳು, ಬೇರೆ ಬೇರೆ ಕಾಯ್ದೆಗಳ ಕಾಲದವು. ಚೇರ್ಮನ್ 1959ರ ಕಾಯ್ದೆಯವರು, ಪ್ರಧಾನ 1983ರ ಕಾಯ್ದೆಯವರು, ಅಧ್ಯಕ್ಷ 1993ರ ಕಾಯ್ದೆಯವರು.

ಕುರ್ಚಿಯ ಹೆಸರು ಎರಡು ಸಲ ಬದಲಾಯಿತು. ಅದರ ಜೊತೆ ಅಧಿಕಾರವೂ ಹೆಚ್ಚಾಯಿತು, ಕಡಿಮೆಯಾಯಿತು. ಈ ಬದಲಾವಣೆಗಳಲ್ಲಿ ಒಂದನ್ನಾದರೂ ಆ ಕುರ್ಚಿಯಲ್ಲಿ ಕೂತವರನ್ನು ಕೇಳಿ ಮಾಡಿದರೇ? ಕೇಳಬೇಕೆಂದರೆ ಯಾರನ್ನು ಕೇಳಬೇಕಿತ್ತು? ಸಾವಿರಾರು ಪಂಚಾಯ್ತಿಗಳ ಪರವಾಗಿ ವಿಧಾನಸೌಧದ ಬಾಗಿಲು ತಟ್ಟುವ, ಮೆಂಬರಿಗೆ ಕಾನೂನು ತಿಳಿಸಿಕೊಡುವ, ಸರ್ಕಾರದ ಆದೇಶ ತಪ್ಪಿದ್ದರೆ ತಪ್ಪು ಅನ್ನುವ ಒಂದು ಮೇಲುಮಟ್ಟದ ಸಂಘ ನಮ್ಮಲ್ಲಿ ಇತ್ತೇ? ಈ ಬರಹ ಅದರ ಹಿಂದೆ ಹೊರಟದ್ದು.

ಒಕ್ಕೂಟ ಅಂದರೇನು ಅನ್ನುವುದನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಡೈರಿಗೆ ಹಾಲು ಹಾಕುತ್ತೇವೆ. ಊರ ಡೈರಿಗಳೆಲ್ಲ ಸೇರಿ ಶಿಮುಲ್, ಶಿಮುಲ್‌ನಂಥ ಒಕ್ಕೂಟಗಳು ಸೇರಿ ಕೆಎಂಎಫ್. ಹಾಲಿನ ದರ ಇಳಿದರೆ ಯಾರ ಮೇಲೆ ಕೂಗಾಡಬೇಕು ಅಂತ ಎಲ್ಲರಿಗೂ ಗೊತ್ತು. ಪಂಚಾಯ್ತಿಗೆ ಇಂಥ ಏಣಿ ಇಲ್ಲ. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಇವೆಯಲ್ಲ ಅನ್ನಬಹುದು. ಅವು ಗ್ರಾಮ ಪಂಚಾಯಿತಿಗಳು ಸೇರಿ ಕಟ್ಟಿದ ಸಂಸ್ಥೆಗಳಲ್ಲ, ಬೇರೆಯೇ ಚುನಾವಣೆಯಲ್ಲಿ ಬೇರೆಯೇ ಜನ ಗೆದ್ದು ಬರುವ ಜಾಗಗಳು. 1993ರ ಕಾಯ್ದೆ ಬರೆದವರಿಗೂ ಈ ಕೊರತೆ ಕಂಡಿರಬೇಕು. ತಾಲ್ಲೂಕಿನ ಗ್ರಾಮ ಪಂಚಾಯಿತಿ ಅಧ್ಯಕ್ಷರಲ್ಲಿ ಐದನೇ ಒಂದು ಭಾಗದಷ್ಟು ಜನ ಸರದಿಯ ಮೇಲೆ ಒಂದೊಂದು ವರ್ಷ ತಾಲ್ಲೂಕು ಪಂಚಾಯಿತಿಯಲ್ಲಿ ಕೂರಲಿ ಅಂತ ಅದರಲ್ಲಿ ಸೇರಿಸಿದರು. ಒಂದು ವರ್ಷ ಅಂದರೆ ಸಭೆಯ ರೀತಿ ನೀತಿ ತಿಳಿಯುವಷ್ಟರಲ್ಲಿ ಮುಗಿದೇ ಹೋಗುತ್ತದೆ.

ಹಿಂದಕ್ಕೆ ಹೋದರೆ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆ ಸಿಗುತ್ತದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ್ದು. ದಸರಾ ಹೊತ್ತಿಗೆ ತಾಲ್ಲೂಕು ತಾಲ್ಲೂಕಿನಿಂದ ಜಮೀನುದಾರರು, ವರ್ತಕರು ಮೈಸೂರಿಗೆ ಹೋಗಿ ಕೆರೆ ಒಡೆದದ್ದು, ರಸ್ತೆ ಕೆಟ್ಟದ್ದು, ಕಂದಾಯ ಹೆಚ್ಚಾದದ್ದನ್ನು ದಿವಾನರ ಮುಂದೆ ಹೇಳಿಕೊಳ್ಳುತ್ತಿದ್ದರು. ಕೇಳಿಸಿಕೊಳ್ಳುವುದು ದಿವಾನರ ಔದಾರ್ಯ, ಮಾಡುವುದು ಬಿಡುವುದು ಅವರ ಇಷ್ಟ. ಹಾಗಿದ್ದರೂ ಊರುಗಳ ದೂರು ಒಂದೇ ಕಡೆ ಸೇರಿ ಸರ್ಕಾರದ ಕಿವಿಗೆ ಬೀಳುವ ವ್ಯವಸ್ಥೆ ಅದು. 1926ರಲ್ಲಿ ಜಿಲ್ಲಾ ಬೋರ್ಡು ಮತ್ತು ಗ್ರಾಮ ಪಂಚಾಯತಿಗಳಿಗೆ ಸಂಸ್ಥಾನ ಹೊಸ ಶಾಸನ ತಂದಿತು. ಊರೊಟ್ಟಿನ ಕೆಲಸಕ್ಕೆ ಕಾನೂನಿನ ಹೊದಿಕೆ ಸಿಕ್ಕಿತು. ಮೆಂಬರುಗಳೆಲ್ಲ ಒಂದಾಗಿ ಕೇಳುವುದು ಅನ್ನುವುದಿನ್ನೂ ದೂರವಿತ್ತು.

ಸ್ವಾತಂತ್ರ್ಯ ಬಂದ ಮೇಲೆ 1957ರ ನವೆಂಬರಿನಲ್ಲಿ ಬಲವಂತರಾಯ್ ಮೆಹ್ತಾ ಸಮಿತಿಯ ವರದಿ ಬಂತು. ಸಮುದಾಯ ಅಭಿವೃದ್ಧಿ ಯೋಜನೆ ಅಧಿಕಾರಿಗಳ ಕೈಯಲ್ಲಿ ಸೊರಗುತ್ತಿದೆ, ಹಳ್ಳಿಯಿಂದ ಜಿಲ್ಲೆಯವರೆಗೆ ಮೂರು ಹಂತದಲ್ಲಿ ಚುನಾಯಿತ ಸಂಸ್ಥೆಗಳು ಬರಲಿ ಅಂತ ಅದು ಹೇಳಿತು. ಇಷ್ಟು ನಮ್ಮ ಪಠ್ಯಪುಸ್ತಕಗಳಲ್ಲಿದೆ. ಅಷ್ಟಾಗಿ ಹೇಳದಿರುವ ಸಂಗತಿ ಇನ್ನೊಂದಿದೆ. ಮರುವರ್ಷವೇ, 1958ರಲ್ಲಿ, ಅಖಿಲ ಭಾರತ ಪಂಚಾಯತ್ ಪರಿಷತ್ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮೆಹ್ತಾ ಅವರೇ ಮುಂದಿದ್ದರು, ಮುಂದೆ ಜಯಪ್ರಕಾಶ ನಾರಾಯಣರೂ ಅದರ ಅಧ್ಯಕ್ಷರಾದರು. ಪಂಚಾಯತಿಯನ್ನು ಸರ್ಕಾರ ಕೊಟ್ಟರೆ ಸರ್ಕಾರವೇ ಕಿತ್ತುಕೊಳ್ಳಬಹುದು, ಹಾಗಾಗದಂತೆ ನೋಡಿಕೊಳ್ಳಲು ಪಂಚಾಯತಿಗಳದ್ದೇ ಒಂದು ಸಂಘ ಬೇಕು ಅನ್ನುವ ಲೆಕ್ಕಾಚಾರ ಅದರ ಹಿಂದಿತ್ತು. ಸಮಿತಿಯ ವರದಿ ಬರೆದವರೇ ಅದರ ಕಾವಲಿಗೂ ನಿಂತದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಮೆಹ್ತಾ ಆಮೇಲೆ ಗುಜರಾತಿನ ಮುಖ್ಯಮಂತ್ರಿಯಾದರು. 1965ರ ಯುದ್ಧದ ಸಮಯದಲ್ಲಿ ಅವರಿದ್ದ ವಿಮಾನವನ್ನು ಪಾಕಿಸ್ತಾನದ ಯುದ್ಧವಿಮಾನ ಹೊಡೆದುರುಳಿಸಿತು. ಪರಿಷತ್ತು ಉಳಿಯಿತು, ಆದರೆ ದೆಹಲಿಯ ಸಂಘಟನೆಯೊಂದರ ಬಿಸಿ ಹೊಸದುರ್ಗ ತಾಲ್ಲೂಕಿನ ಮೆಂಬರಿಗೆ ತಟ್ಟುವಷ್ಟು ಅದು ಬೆಳೆಯಲಿಲ್ಲ.

ನಮ್ಮ ರಾಜ್ಯದಲ್ಲಿ 1959ರ ಕಾಯ್ದೆ ಹಳ್ಳಿಗೆ ಪಂಚಾಯ್ತಿ, ತಾಲ್ಲೂಕಿಗೆ ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು ಅಂತ ಮಾಡಿತು. ಜಿಲ್ಲೆಯ ಪರಿಷತ್ತಿಗೆ ಡೆಪ್ಯುಟಿ ಕಮಿಷನರೇ ಯಜಮಾನರು. ಅದು ಸಲಹೆ ಕೊಡಬಹುದಿತ್ತು, ಹೆಚ್ಚಿನದೇನೂ ಇರಲಿಲ್ಲ. ಇದು ಸಾಲದು ಅಂತ ಸರ್ಕಾರಕ್ಕೂ ಅನಿಸಿ ಒಂದು ಸಮಿತಿ ಮಾಡಿದರು. ಅದರ ಅಧ್ಯಕ್ಷರು ನಮ್ಮವರೇ, ಕೊಂಡಜ್ಜಿ ಬಸಪ್ಪನವರು. ಕೊಂಡಜ್ಜಿ ಇರುವುದು ಹರಿಹರ ತಾಲ್ಲೂಕಿನಲ್ಲಿ, ಆಗ ಅದು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಬಸಪ್ಪನವರು 1963ರಲ್ಲಿ ವರದಿ ಕೊಟ್ಟರು. 1964ರಲ್ಲಿ ಮಸೂದೆಯೂ ಬಂತು. ಅದು ಕಾಯ್ದೆಯಾಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಜಿಲ್ಲೆಯ ಆಡಳಿತವನ್ನೇ ತಿರುಗಿಸಬಲ್ಲ ಒಂದು ಮಸೂದೆ ಸದನಕ್ಕೆ ಬಂದು ಸತ್ತುಹೋಗುತ್ತದೆ. ಅದರಿಂದ ಲಾಭ ಆಗಬೇಕಿದ್ದವರು ಸಾವಿರಾರು ಪಂಚಾಯ್ತಿ ಚೇರ್ಮನ್ರು, ಅದು ಬಾರದಿದ್ದರೆ ನೆಮ್ಮದಿ ಇದ್ದವರು ಕೆಲವೇ ಶಾಸಕರು, ಅಧಿಕಾರಿಗಳು. ಕೆಲವರೇ ಗೆದ್ದರು, ಯಾಕಂದರೆ ಅವರು ಒಂದೇ ಕಟ್ಟಡದಲ್ಲಿದ್ದರು. ಚೇರ್ಮನ್ರೋ, ಒಬ್ಬರು ಮಾಡದಕೆರೆಯಲ್ಲಿ, ಇನ್ನೊಬ್ಬರು ಮತ್ತೋಡಿನಲ್ಲಿ, ಮತ್ತೊಬ್ಬರು ಬೀದರಿನಲ್ಲಿ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಕೊಂಡಜ್ಜಿ ಬಸಪ್ಪನವರು ಮುಂದೆ ದಾವಣಗೆರೆಯಿಂದ ಲೋಕಸಭೆಗೆ ಗೆದ್ದುಹೋದರು. ಅವರ ವರದಿ ಹೇಳಿದ ಬಗೆಯ ಜಿಲ್ಲಾ ಸಂಸ್ಥೆ ಬರಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು.

ಅದು ಬಂದದ್ದು ಅಬ್ದುಲ್ ನಜೀರ್ ಸಾಬರಿಂದ. ಗುಂಡ್ಲುಪೇಟೆಯವರು, ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರು. ಬರಗಾಲದಲ್ಲಿ ಊರೂರಿಗೆ ಕೊಳವೆ ಬಾವಿ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ನಮ್ಮಂಥ ಬಯಲುಸೀಮೆಯಲ್ಲಿ ಆ ಹೆಸರು ಈಗಲೂ ಕೈಪಂಪಿನ ಜೊತೆಗೇ ನೆನಪಾಗುತ್ತದೆ. 1983ರ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬೀಳಲು ಎರಡು ವರ್ಷ ಹಿಡಿಯಿತು. 1987ರ ಜನವರಿಯಲ್ಲಿ ಚುನಾವಣೆ ಆಯಿತು. ಎಂಟರಿಂದ ಹನ್ನೆರಡು ಸಾವಿರ ಜನಕ್ಕೊಂದು ಮಂಡಲ ಪಂಚಾಯತಿ, ಜಿಲ್ಲೆಗೊಂದು ಜಿಲ್ಲಾ ಪರಿಷತ್ತು. 2,500ಕ್ಕೂ ಹೆಚ್ಚು ಮಂಡಲಗಳು, ಎಲ್ಲ ಸೇರಿ ಸುಮಾರು 55,000 ಸದಸ್ಯರು. ಕಾಲು ಭಾಗ ಸ್ಥಾನ ಹೆಂಗಸರಿಗೆ ಅಂತ ಮೀಸಲಿಟ್ಟದ್ದರಿಂದ ಸುಮಾರು 14,000 ಮಹಿಳೆಯರು ಒಂದೇ ಏಟಿಗೆ ಒಳಗೆ ಬಂದರು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಇದಾದ ಆರು ವರ್ಷದ ಮೇಲೆ.

ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದ ಐಎಎಸ್ ಅಧಿಕಾರಿ ಡಿಸಿಗಿಂತ ಹಿರಿಯರು. ಶಾಲೆ, ಆಸ್ಪತ್ರೆ, ಕೃಷಿ, ಪಶುಸಂಗೋಪನೆ ಎಲ್ಲ ಜಿಲ್ಲಾ ಪರಿಷತ್ತಿನ ಕೆಳಗೆ ಬಂದವು. ಮೇಷ್ಟ್ರು ಶಾಲೆಗೆ ಸರಿಯಾಗಿ ಬರತೊಡಗಿದರು, ಡಾಕ್ಟರು ಆಸ್ಪತ್ರೆಯಲ್ಲಿ ಸಿಗತೊಡಗಿದರು ಅನ್ನುವ ಮಾತು ಆ ಕಾಲದ ಬಗ್ಗೆ ಎಲ್ಲ ಕಡೆ ಕೇಳಿಬರುತ್ತದೆ. ಪ್ರಧಾನರು ಊರಲ್ಲೇ ಇದ್ದರಲ್ಲ, ತಪ್ಪಿಸಿಕೊಳ್ಳುವುದು ಹೇಗೆ! ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಕೆ.ಎಸ್. ಕೃಷ್ಣಸ್ವಾಮಿಯವರ ಸಮಿತಿ ಈ ವ್ಯವಸ್ಥೆಯನ್ನು ಪರಿಶೀಲಿಸಿ 1989ರಲ್ಲಿ ವರದಿ ಕೊಟ್ಟಿತು.

ಆ ಕಾಯ್ದೆಯಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದು ಅಂಶವಿತ್ತು: ರಾಜ್ಯ ಅಭಿವೃದ್ಧಿ ಮಂಡಳಿ. ಮುಖ್ಯಮಂತ್ರಿ ಅದರ ಅಧ್ಯಕ್ಷರು, ಎಲ್ಲ ಜಿಲ್ಲಾ ಪರಿಷತ್ ಅಧ್ಯಕ್ಷರೂ ಸದಸ್ಯರು. ಜಿಲ್ಲೆಗಳು ರಾಜ್ಯದ ಮುಂದೆ ಒಟ್ಟಾಗಿ ಕೂತು ಮಾತಾಡುವ ಜಾಗ. ಸ್ಥಳೀಯ ಸಂಸ್ಥೆಗಳ ಧ್ವನಿಗೆ ಕಾಯ್ದೆಯಲ್ಲೇ ಕುರ್ಚಿ ಹಾಕಿಕೊಟ್ಟದ್ದು ಸಣ್ಣ ಕೆಲಸವಲ್ಲ. ತೊಂದರೆ ಏನೆಂದರೆ ಅದರ ಸಭೆ ಕರೆಯುವವರೂ ಮುಖ್ಯಮಂತ್ರಿಯೇ. ಸರ್ಕಾರ ಒಪ್ಪಿದಷ್ಟು ದಿನ ಮಾತ್ರ ಅಂಥ ಜಾಗಕ್ಕೆ ಜೀವ. ಮಂಡಲ ಪ್ರಧಾನರಿಗಂತೂ ಅಲ್ಲಿ ಪ್ರವೇಶವೇ ಇರಲಿಲ್ಲ.

1988ರಲ್ಲಿ ನಜೀರ್ ಸಾಬರು ತೀರಿಕೊಂಡರು. ಹೆಗಡೆಯವರು ಅಷ್ಟರಲ್ಲಿ ಅಧಿಕಾರದಿಂದ ಇಳಿದಿದ್ದರು. ವ್ಯವಸ್ಥೆ ಕಟ್ಟಿದವರಿಬ್ಬರೂ ಇಲ್ಲದ ಮೇಲೆ ಅದನ್ನು ತಮ್ಮದು ಅಂತ ಕಾಯುವವರು ಬೇಕಿತ್ತು. 1992ರ ಜನವರಿಯಲ್ಲಿ ಐದು ವರ್ಷ ಮುಗಿಯಿತು. ಸರ್ಕಾರ ಚುನಾವಣೆ ನಡೆಸಲಿಲ್ಲ, ಆಡಳಿತಾಧಿಕಾರಿಗಳನ್ನು ಕೂರಿಸಿತು. 55,000 ಜನ ಒಂದೇ ಸಲ ಮಾಜಿಗಳಾದರು. ಇಷ್ಟು ಜನ ಒಂದು ದಿನ ಬೆಂಗಳೂರಿಗೆ ಬಸ್ಸು ಹತ್ತಿದ್ದರೆ ಮೆಜೆಸ್ಟಿಕ್ಕಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬಸ್ಸು ಹತ್ತಿ ಅಂತ ಹೇಳುವವರು ಬೇಕಲ್ಲ. ಗ್ರಾಮ ಪಂಚಾಯಿತಿಗೆ ಮತ್ತೆ ಚುನಾವಣೆ ಆದದ್ದು 1993ರ ಡಿಸೆಂಬರಿನಲ್ಲಿ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 1995ರಲ್ಲಿ.

ಅಷ್ಟರಲ್ಲಿ ಹೊಸ ಕಾಯ್ದೆ ಬಂದಿತ್ತು. 1993ರ ಮೇ 10ರಿಂದ ಜಾರಿ. 73ನೇ ತಿದ್ದುಪಡಿಯ ಬಲ ಸಿಕ್ಕಿತು, ಮೂರನೇ ಒಂದು ಭಾಗ ಸ್ಥಾನ ಹೆಂಗಸರಿಗೆ ಸಿಕ್ಕಿತು, ರಾಜ್ಯ ಚುನಾವಣಾ ಆಯೋಗ ಸಿಕ್ಕಿತು. ಹಾಗೇ 1987ರ ಜಿಲ್ಲಾ ಪರಿಷತ್ ಅಧ್ಯಕ್ಷರ ಗತ್ತು ಹೋಯಿತು. ಆಮೇಲೆ ಜಿಲ್ಲಾ ಪಂಚಾಯಿತಿಯಲ್ಲಿ 20 ತಿಂಗಳಿಗೊಬ್ಬ ಅಧ್ಯಕ್ಷರ ಪದ್ಧತಿ ನಡೆಯಿತು. ಐದು ವರ್ಷದಲ್ಲಿ ಮೂವರು. ಮೊದಲ ಆರು ತಿಂಗಳು ಸನ್ಮಾನಕ್ಕೆ, ಕೊನೆಯ ಆರು ತಿಂಗಳು ರಾಜೀನಾಮೆ ಕೊಡಿ ಅಂತ ಒತ್ತಡಕ್ಕೆ. ನಡುವೆ ಉಳಿದದ್ದರಲ್ಲಿ ಆಡಳಿತ.

ನನ್ನ ವಾದ ಇಲ್ಲಿಂದ ಶುರುವಾಗುತ್ತದೆ. ಪಂಚಾಯ್ತಿ ಕಚೇರಿಯ ಗೋಡೆಯಲ್ಲಿ ಅಧ್ಯಕ್ಷರ ಹೆಸರಿನ ಬೋರ್ಡು ಇರುತ್ತದಲ್ಲ, ಅದನ್ನು ಮೇಲಿನಿಂದ ಕೆಳಕ್ಕೆ ಓದಿ. 2010ರ ಅವಧಿಗೆ 30 ತಿಂಗಳಿಗೊಬ್ಬರು. 2015ರಲ್ಲಿ ಆದವರು ಐದು ವರ್ಷ ಪೂರ್ತಿ. 2020ರ ಡಿಸೆಂಬರಿನ ಚುನಾವಣೆಯ ಮೇಲೆ ಮತ್ತೆ 30 ತಿಂಗಳು. ಕಾಯ್ದೆ ತಿದ್ದಿದ್ದು ಬೋರ್ಡಿನ ಮೇಲೇ ಕಾಣುತ್ತದೆ. ಇನ್ನೊಂದು ಸಂಗತಿ: ಒಂದೇ ಹೆಸರು ಎರಡು ಸಲ ಕಾಣುವುದು ಅಪರೂಪ. ಮೀಸಲಾತಿ ಸರದಿ ತಿರುಗುತ್ತದೆ. ಈ ಸಲ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾದ ಸ್ಥಾನ ಮುಂದಿನ ಸಲ ಸಾಮಾನ್ಯ. ಗೆದ್ದ ಹೆಣ್ಣುಮಗಳು ಮೊದಲೆರಡು ವರ್ಷ ಕ್ರಿಯಾಯೋಜನೆ ಅಂದರೇನು, ಕೆಡಿಪಿ ಅಂದರೇನು, ಚೆಕ್ಕಿಗೆ ಯಾರ್ಯಾರ ಸಹಿ ಬೇಕು ಅಂತ ಕಲಿಯುತ್ತಾಳೆ. ಕಲಿತು ಕೈ ಪಳಗುವಷ್ಟರಲ್ಲಿ ಅವಧಿ ಮುಗಿದು ಸ್ಥಾನ ಬೇರೆ ವರ್ಗಕ್ಕೆ ಹೋಗುತ್ತದೆ. ಸರದಿಯನ್ನು ನಾನು ತೆಗಳುತ್ತಿಲ್ಲ, ಅದಿಲ್ಲದಿದ್ದರೆ ಚೇರ್ಮನ್ರ ಮನೆಯವರೇ ಇವತ್ತಿಗೂ ಚೇರ್ಮನ್ರಾಗಿರುತ್ತಿದ್ದರು. ಆದರೆ ಸರದಿಯಿಂದ ಒಂದು ನಷ್ಟವಿದೆ: ಪಂಚಾಯ್ತಿಗೆ ನೆನಪಿನ ಶಕ್ತಿ ಇಲ್ಲದಂತಾಗುತ್ತದೆ. ಅಧಿಕಾರಿಗೆ ನೆನಪಿರುತ್ತದೆ, ಅವರ ಕಡತ ಉಳಿಯುತ್ತದೆ. ಶಾಸಕರು ಮೂರು ನಾಲ್ಕು ಸಲ ಗೆಲ್ಲುತ್ತಾರೆ. ಮೆಂಬರ್ ಮಾತ್ರ ಪ್ರತಿ ಸಲವೂ ಹೊಸಬ. ಹಿಂದೆ ಏನು ಕೊಟ್ಟಿದ್ದರು, ಯಾವಾಗ ಕಿತ್ತುಕೊಂಡರು ಅನ್ನುವುದೇ ಗೊತ್ತಿಲ್ಲದವನು ವಾಪಸ್ ಕೊಡಿ ಅಂತ ಕೇಳುವುದು ಹೇಗೆ?

ಮೇಲುಮಟ್ಟದ ಸಂಘದ ಮೊದಲ ಕೆಲಸ ಈ ನೆನಪನ್ನು ಇಟ್ಟುಕೊಳ್ಳುವುದು. ಗೌರವಧನ, ಬಸ್ ಪಾಸು, ಸನ್ಮಾನ ಎಲ್ಲ ಆಮೇಲಿನ ಮಾತು.

ಹೊರಗಿನವರು ಇದನ್ನು ಬಹಳ ಹಿಂದೆಯೇ ಮಾಡಿಕೊಂಡರು. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಪುರಸಭೆಗಳ ಸಂಘ ಶುರುವಾದದ್ದು 1879ರಲ್ಲಿ. ಇಂಗ್ಲೆಂಡಿನ ಹಳ್ಳಿ ಮಟ್ಟದ ಪ್ಯಾರಿಷ್ ಕೌನ್ಸಿಲ್ಲುಗಳು 1947ರಲ್ಲಿ ರಾಷ್ಟ್ರೀಯ ಸಂಘ ಕಟ್ಟಿಕೊಂಡವು. ಹೊಸ ಸದಸ್ಯನಿಗೆ ಕಾನೂನು ಸಲಹೆ ಕೊಡುವುದು, ಹೊಸ ಮಸೂದೆ ಬಂದರೆ ಅದರಿಂದ ಕೌನ್ಸಿಲ್ಲಿಗೆ ಏನಾಗುತ್ತದೆ ಅಂತ ಬಿಡಿಸಿ ಹೇಳುವುದು, ಮಂತ್ರಿಗಳ ಜೊತೆ ಎಲ್ಲರ ಪರವಾಗಿ ಮಾತಾಡುವುದು ಇವುಗಳ ದಿನನಿತ್ಯದ ಕೆಲಸ.

ಅಷ್ಟು ದೂರ ಯಾಕೆ, ಕಾಸರಗೋಡಿಗೆ ಹೋದರೆ ಸಾಕು. ಅಲ್ಲಿನ ಮಂಜೇಶ್ವರ, ಪೈವಳಿಕೆ, ಎಣ್ಮಕಜೆ ಕಡೆ ಪಂಚಾಯತಿ ಕಚೇರಿಯಲ್ಲಿ ಕನ್ನಡ ಕೇಳಿಸುತ್ತದೆ, ಆದರೆ ಪಂಚಾಯತಿ ಕೇರಳದ್ದು. ಕೇರಳದಲ್ಲಿ ಗ್ರಾಮ ಪಂಚಾಯತಿಗಳ ಸಂಘವೊಂದು ದಶಕಗಳಿಂದ ಇದೆ. ಅದು ಸದಸ್ಯರ ಸಂಘವಲ್ಲ, ಪಂಚಾಯತಿಗಳ ಸಂಘ. ವ್ಯಕ್ತಿ ಬದಲಾದರೂ ಪಂಚಾಯತಿ ಅದರ ಸದಸ್ಯನಾಗಿ ಉಳಿಯುತ್ತದೆ. ಬ್ಲಾಕ್ ಪಂಚಾಯತಿ, ಜಿಲ್ಲಾ ಪಂಚಾಯತಿ, ನಗರಸಭೆಗಳಿಗೂ ಹೀಗೇ ಬೇರೆ ಬೇರೆ ಕೂಟಗಳಿವೆ. ಸ್ಥಳೀಯ ಆಡಳಿತ ಸಚಿವರ ಸಮನ್ವಯ ಸಮಿತಿಯಲ್ಲಿ ಇವುಗಳ ಅಧ್ಯಕ್ಷರು ಕೂರುತ್ತಾರೆ. ಯೋಜನೆಯ ಮಾರ್ಗಸೂಚಿ ಬದಲಾಗುವ ಮೊದಲು ಪಂಚಾಯತಿಗಳ ಕಷ್ಟ ಏನು ಅನ್ನುವುದು ಅಲ್ಲಿ ಚರ್ಚೆಯಾಗುತ್ತದೆ. ಆಡಳಿತ ಎಡದ್ದೋ ಕಾಂಗ್ರೆಸ್ಸಿನದ್ದೋ, ಈ ಏರ್ಪಾಡು ಉಳಿದುಕೊಂಡು ಬಂದಿದೆ.

ನಮ್ಮಲ್ಲಿ ಏನೂ ಆಗಲಿಲ್ಲ ಅಂದರೆ ಅನ್ಯಾಯವಾದೀತು. ಕರ್ನಾಟಕ ರಾಜ್ಯ ಪಂಚಾಯತ್ ಪರಿಷತ್ ಇದೆ. ಅದನ್ನು ಬಹಳ ಕಾಲ ಮುನ್ನಡೆಸಿದ ಸಿ. ನಾರಾಯಣಸ್ವಾಮಿಯವರು ಹಿಂದೆ ಜಿಲ್ಲಾ ಮಟ್ಟದ ಪಂಚಾಯತ್ ಅಧ್ಯಕ್ಷರಾಗಿದ್ದವರು, 1996ರಲ್ಲಿ ಸಂಸದರೂ ಆದವರು. 1987ರ ವ್ಯವಸ್ಥೆ ಹೇಗಿತ್ತು, 1993ರಲ್ಲಿ ಏನು ಹೋಯಿತು ಅಂತ ತಾರೀಕಿನ ಸಮೇತ ಹೇಳಬಲ್ಲವರು ಇಂಥ ಕೆಲವರೇ. 2023ರಲ್ಲಿ ರಾಜ್ಯದ 5ನೇ ಹಣಕಾಸು ಆಯೋಗ ರಚನೆಯಾದಾಗ ಅದರ ಅಧ್ಯಕ್ಷರಾಗಿ ಬಂದದ್ದು ಇವರೇ. ಪಂಚಾಯತಿಗೆ ರಾಜ್ಯದ ತೆರಿಗೆಯಲ್ಲಿ ಎಷ್ಟು ಪಾಲು ಅಂತ ಶಿಫಾರಸು ಮಾಡುವ ಜಾಗಕ್ಕೆ ಪಂಚಾಯತಿಯಿಂದಲೇ ಬಂದವರೊಬ್ಬರು ಹೋದರು ಅನ್ನುವುದನ್ನು ನಮ್ಮ ಪತ್ರಿಕೆಗಳು ಒಂದು ಕಾಲಂ ಸುದ್ದಿ ಮಾಡಿ ಮುಗಿಸಿದವು.

ಕುಂದಾಪುರದ ಕಡೆಯಿಂದ ಗ್ರಾಮ ಪಂಚಾಯತ್ ಹಕ್ಕೊತ್ತಾಯ ಆಂದೋಲನ ಎದ್ದಿತು. ಅದರ ಮಾತು ಗೌರವಧನದ್ದಲ್ಲ, ಅಧಿಕಾರದ್ದು. ಮನೆ ಯಾರಿಗೆ ಕೊಡಬೇಕು ಅಂತ ಗ್ರಾಮಸಭೆ ತೀರ್ಮಾನಿಸಬೇಕೋ ಶಾಸಕರೋ ಅನ್ನುವುದು ಅಂಥ ಜಗಳಗಳಲ್ಲೊಂದು. ಕಾಯ್ದೆಯಲ್ಲಿ ಗ್ರಾಮಸಭೆಗೆ ಕೊಟ್ಟದ್ದನ್ನು ಆದೇಶವೊಂದರಲ್ಲಿ ಕಿತ್ತುಕೊಳ್ಳಬಹುದು ಅನ್ನುವುದು ಮೆಂಬರಿಗೆ ಅರ್ಥವಾಗುವುದು ಇಂಥ ಜಗಳದಲ್ಲೇ. 2014ರಲ್ಲಿ ಕೆ.ಆರ್. ರಮೇಶ್‌ಕುಮಾರ್ ಅವರ ಸಮಿತಿ ಪಂಚಾಯತ್ ರಾಜ್ ಕಾಯ್ದೆಯನ್ನು ತಿದ್ದಲು ಕೂತಾಗ ಈ ಬಗೆಯ ಅನುಭವ ಇದ್ದವರ ಮಾತಿಗೆ ಅಲ್ಲಿ ಬೆಲೆ ಸಿಕ್ಕಿತು. ಕಾಯ್ದೆಯ ಹೆಸರಿಗೆ 'ಗ್ರಾಮ ಸ್ವರಾಜ್' ಸೇರಿದ್ದು ಆ ತಿದ್ದುಪಡಿಯಲ್ಲೇ.

ಹೆಣ್ಣುಮಕ್ಕಳದ್ದು ಬೇರೆ ಕತೆ. 2010ರಲ್ಲಿ ರಾಜ್ಯ ಮಹಿಳಾ ಮೀಸಲಾತಿಯನ್ನು ಅರ್ಧಕ್ಕೇರಿಸಿತು. ಗೆದ್ದವಳ ಬದಲು ಗಂಡ ಸಭೆಗೆ ಬರುವುದು, ಅವನನ್ನೇ 'ಅಧ್ಯಕ್ಷರೇ' ಅನ್ನುವುದು ನಾವೆಲ್ಲ ನೋಡಿದ್ದೇ. ಅದನ್ನು ವರದಿ ಮಾಡಿ ನಗುವುದು ಸುಲಭ. ದಿ ಹಂಗರ್ ಪ್ರಾಜೆಕ್ಟ್ ನೆರವಿನಲ್ಲಿ ಕಟ್ಟಿದ 'ಸುಗ್ರಾಮ' ಅನ್ನುವ ಚುನಾಯಿತ ಮಹಿಳೆಯರ ಒಕ್ಕೂಟ ನಗುವ ಬದಲು ಇನ್ನೊಂದು ಕೆಲಸ ಮಾಡಿತು. ಒಂದು ಪಂಚಾಯ್ತಿಯ ಮಹಿಳಾ ಸದಸ್ಯರನ್ನು ಪಕ್ಕದ ಪಂಚಾಯ್ತಿಯ ಮಹಿಳಾ ಸದಸ್ಯರ ಜೊತೆ ಕೂರಿಸಿತು. ಸಭೆಯ ನೋಟೀಸು ನಿನಗೂ ಬರಲಿಲ್ಲವೇ, ನನಗೂ ಬರಲಿಲ್ಲ. ನಡಾವಳಿ ಓದದೆ ಸಹಿ ಹಾಕಿಸಿಕೊಂಡರೇ, ನನ್ನ ಹತ್ತಿರವೂ ಹಾಗೇ. ಇದು ತನ್ನೊಬ್ಬಳ ದಡ್ಡತನವಲ್ಲ ಅಂತ ಗೊತ್ತಾದ ಮೇಲೆ ಮುಂದಿನ ಸಭೆಯಲ್ಲಿ 'ಓದಿ ಹೇಳಿ, ಆಮೇಲೆ ಸಹಿ' ಅನ್ನುವ ಧೈರ್ಯ ಬರುತ್ತದೆ.

ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ. ಗೆದ್ದ ಸದಸ್ಯರಿಗೆಲ್ಲ ತರಬೇತಿ ಕೊಡುವುದು ಅದರ ಕೆಲಸ. ಅಲ್ಲಿ ಒಳ್ಳೆಯ ಪುಸ್ತಕಗಳಾಗಿವೆ, ಒಳ್ಳೆಯ ಪಾಠಗಳೂ ಆಗಿವೆ. ಆದರೆ ಅದು ಸರ್ಕಾರದ ಸಂಸ್ಥೆ. ಸರ್ಕಾರದ ಆದೇಶ ಹೇಗೆ ಪಾಲಿಸಬೇಕು ಅಂತ ಅದು ಹೇಳಿಕೊಡಬಲ್ಲದು, ಆ ಆದೇಶವನ್ನು ಹೇಗೆ ಪ್ರಶ್ನಿಸಬೇಕು ಅನ್ನುವುದು ಅಲ್ಲಿ ಪಾಠವಾಗಲಾರದು.

ಈಚಿನ ವರ್ಷಗಳಲ್ಲಿ ಹೆಚ್ಚು ಸದ್ದು ಮಾಡಿರುವುದು ಕರ್ನಾಟಕ ರಾಜ್ಯ ಗ್ರಾಮ ಪಂಚಾಯಿತಿ ಸದಸ್ಯರ ಮಹಾ ಒಕ್ಕೂಟ. ಸುಮಾರು 6,000 ಗ್ರಾಮ ಪಂಚಾಯಿತಿ, 90,000ಕ್ಕೂ ಹೆಚ್ಚು ಸದಸ್ಯರು ಇರುವ ರಾಜ್ಯವಿದು. ಸದಸ್ಯನ ಗೌರವಧನ ತಿಂಗಳಿಗೆ 1,000 ರೂಪಾಯಿ ಇದ್ದದ್ದು 2022ರಲ್ಲಿ 2,000 ಆಯಿತು. ಅಧ್ಯಕ್ಷರಿಗೆ 3,000ದಿಂದ 6,000, ಉಪಾಧ್ಯಕ್ಷರಿಗೆ 2,000ದಿಂದ 4,000. ಗಾರೆ ಕೆಲಸಕ್ಕೆ ಹೋದವನು ಮೂರು ದಿನದಲ್ಲಿ ದುಡಿಯುವುದನ್ನು ಮೆಂಬರು ತಿಂಗಳಿಗೆ ಪಡೆಯುತ್ತಾನೆ. ಕೂಲಿಗೆ ಹೋಗುವ ಮೆಂಬರಿಗೆ ಸಭೆಯ ದಿನ ಅಂದರೆ ಕೂಲಿ ತಪ್ಪಿದ ದಿನ, ಹಾಗಾಗಿ ಈ ಬೇಡಿಕೆಯನ್ನು ಹಗುರ ಮಾಡಿ ನೋಡಬಾರದು. 2024ರ ಅಕ್ಟೋಬರಿನಲ್ಲಿ ಪಿಡಿಓಗಳು, ಪಂಚಾಯಿತಿ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮುಷ್ಕರ ಕೂತಾಗ ಸದಸ್ಯರೂ ಜೊತೆಗೂಡಿದರು. ಪಂಚಾಯ್ತಿ ಕಚೇರಿಯಲ್ಲಿ ದಿನಾ ಮುಖ ಗಂಟಿಕ್ಕಿಕೊಳ್ಳುವ ಪಿಡಿಓ ಮತ್ತು ಮೆಂಬರು ಒಂದೇ ಶಾಮಿಯಾನದ ಕೆಳಗೆ ಕೂತದ್ದು ನೋಡುವಂಥ ದೃಶ್ಯವೇ.

ನೌಕರರಿಗೆ ಸಂಘ ಇದೆ, ಅದಕ್ಕೆ ನಿರಂತರತೆ ಇದೆ. ಒಬ್ಬ ಪಿಡಿಓ ಮೂವತ್ತು ವರ್ಷ ಇಲಾಖೆಯಲ್ಲಿರುತ್ತಾರೆ. ಸದಸ್ಯರ ಒಕ್ಕೂಟಕ್ಕೆ ಐದು ವರ್ಷಕ್ಕೊಮ್ಮೆ ಸದಸ್ಯರೇ ಇಲ್ಲದ ಸ್ಥಿತಿ ಬರುತ್ತದೆ. 2020ರಲ್ಲಿ ನೋಡಿದ್ದೇವಲ್ಲ. 2015ರಲ್ಲಿ ಗೆದ್ದವರ ಅವಧಿ ಆ ವರ್ಷದ ಮಧ್ಯದಲ್ಲಿ ಮುಗಿಯಿತು. ಕೊರೊನಾ ಕಾರಣಕ್ಕೆ ಚುನಾವಣೆ ಮುಂದೆ ಹೋಗಿ ಆಡಳಿತಾಧಿಕಾರಿಗಳು ಬಂದರು, ಡಿಸೆಂಬರಿನವರೆಗೂ ಇದ್ದರು. ಊರಿಗೆ ಮೆಂಬರು ಬಹಳ ಬೇಕಾಗಿದ್ದ ಕಾಲದಲ್ಲೇ ಮೆಂಬರು ಇರಲಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಗತಿ ಇನ್ನೂ ಕೆಟ್ಟದ್ದು. 2016ರಲ್ಲಿ ಚುನಾವಣೆಯಾಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಹೈಕೋರ್ಟು ಅಂತ ವರ್ಷಗಳೇ ಉರುಳಿದವು. ಐದು ವರ್ಷ ಮುಗಿಯುವ ಮೊದಲು ಚುನಾವಣೆ ಆಗಬೇಕು ಅನ್ನುವುದು ಸಂವಿಧಾನದ 243ಇ ವಿಧಿ. ಹದಿನೈದನೇ ಹಣಕಾಸು ಆಯೋಗ ಮೂರೂ ಹಂತಕ್ಕೆ ಪಾಲು ಕೊಟ್ಟಿತ್ತು, ಆದರೆ ಚುನಾಯಿತ ಮಂಡಳಿ ಇಲ್ಲದ ಕಡೆ ಕೇಂದ್ರದ ಅನುದಾನ ನಿಲ್ಲುತ್ತದೆ. ವಿಧಾನಸಭೆಗೆ ಹೀಗೆ ವರ್ಷಗಟ್ಟಲೆ ಚುನಾವಣೆ ನಡೆಯದಿದ್ದರೆ ರಾಜ್ಯ ಹೊತ್ತಿ ಉರಿಯುತ್ತಿತ್ತು. ಜಿಲ್ಲಾ ಪಂಚಾಯಿತಿಗೆ ನಡೆಯದಿದ್ದರೆ ಒಳಪುಟದ ಸುದ್ದಿ. ಕೇಳಬೇಕಾದವರು ಮಾಜಿಗಳಾಗಿ ಮನೆಯಲ್ಲಿದ್ದಾರೆ. ಕೇರಳದಂತೆ ಪಂಚಾಯತಿಯೇ ಸದಸ್ಯನಾಗಿರುವ ಸಂಘ ಇದ್ದಿದ್ದರೆ ಅದರ ಕಚೇರಿಗಾದರೂ ಬೀಗ ಬೀಳುತ್ತಿರಲಿಲ್ಲ.

ಇಷ್ಟೆಲ್ಲ ಮರೆತರೂ ಮೆಂಬರನ್ನು ಆರು ವರ್ಷಕ್ಕೊಮ್ಮೆ ಎಲ್ಲ ಪಕ್ಷದವರೂ ನೆನಪು ಮಾಡಿಕೊಳ್ಳುತ್ತಾರೆ. ವಿಧಾನ ಪರಿಷತ್ತಿನ 75 ಸ್ಥಾನದಲ್ಲಿ 25 ಸ್ಥಳೀಯ ಸಂಸ್ಥೆಗಳದ್ದು. ಜಿಲ್ಲೆ 1997ರಲ್ಲಿ ಎರಡಾದರೂ ಪರಿಷತ್ತಿನ ಲೆಕ್ಕದಲ್ಲಿ ಚಿತ್ರದುರ್ಗವೂ ದಾವಣಗೆರೆ ಕಡೆಯ ಒಂದಷ್ಟು ತಾಲ್ಲೂಕುಗಳೂ ಇನ್ನೂ ಒಂದೇ ಕ್ಷೇತ್ರ. ಅಲ್ಲಿ ಮತದಾರರಲ್ಲಿ ಬಹುಪಾಲು ಗ್ರಾಮ ಪಂಚಾಯಿತಿ ಸದಸ್ಯರು. 2021ರ ಡಿಸೆಂಬರ್ 10ರಂದು ಮಾಡದಕೆರೆಯ ಮೆಂಬರ ಒಂದು ಮತಕ್ಕೆ ಎಷ್ಟು ಬೆಲೆ ಇತ್ತು ಅನ್ನುವುದು ಆ ವಾರ ಊರಲ್ಲಿದ್ದವರಿಗೆಲ್ಲ ಗೊತ್ತು. ಮೇಲ್ಮನೆಯ ಈ 25 ಸ್ಥಾನಗಳನ್ನು ಸಂವಿಧಾನ ಇಟ್ಟದ್ದೇ ಸ್ಥಳೀಯ ಸಂಸ್ಥೆಗಳ ಧ್ವನಿಯಾಗಲಿ ಅಂತ. ಒಂದು ಲೆಕ್ಕದಲ್ಲಿ ನಮಗೆ ಸಿಕ್ಕಿರುವ ಅಧಿಕೃತ ಮೇಲುಮಟ್ಟದ ಸಂಘ ಇದೇ. ಈ ಇಪ್ಪತ್ತೈದು ಜನ ಪಕ್ಷ ಬಿಟ್ಟು ಒಟ್ಟಿಗೆ ಎದ್ದುನಿಂತು 30 ತಿಂಗಳ ಬಗ್ಗೆಯೋ 243ಇ ಬಗ್ಗೆಯೋ ಸದನ ನಿಲ್ಲಿಸಿದ್ದನ್ನು ನಾನಂತೂ ಓದಿಲ್ಲ.

ಈಗಿರುವ 25 ಜನರ ಅವಧಿ 2028ರ ಜನವರಿಯವರೆಗೆ. ಅದಕ್ಕೆ ಮೊದಲು ಚುನಾವಣೆ ಆಗಬೇಕು. ನಮ್ಮ ಗೆಳೆಯರಲ್ಲಿ ಹಲವರು ಆ ಹೊತ್ತಿಗೆ ಜಿಲ್ಲಾ ವರದಿಗಾರರಾಗಿರುತ್ತೀರಿ. ಅಭ್ಯರ್ಥಿ ನಾಮಪತ್ರ ಹಾಕಿ ಹೊರಬಂದಾಗ ಜಾತಿ ಲೆಕ್ಕ ಕೇಳುವ ಮೊದಲು ಪಂಚಾಯ್ತಿ ಕಾಯ್ದೆಯ ಯಾವ ತಿದ್ದುಪಡಿ ಬೇಕು ಅಂತ ಕೇಳಿ, ಉತ್ತರವನ್ನು ಹಾಗೇ ಬರೆಯಿರಿ. ಇನ್ನೊಂದು ನಿಯಮವನ್ನೂ ಡೈರಿಯಲ್ಲಿ ಗುರುತು ಹಾಕಿಕೊಳ್ಳಿ: ಕ್ಷೇತ್ರದ ಸ್ಥಳೀಯ ಸಂಸ್ಥೆಗಳಲ್ಲಿ ಕನಿಷ್ಠ ಶೇ. 75ರಷ್ಟು ಚಾಲ್ತಿಯಲ್ಲಿದ್ದು, ಒಟ್ಟು ಮತದಾರರಲ್ಲೂ ಶೇ. 75 ಜನ ಇದ್ದರೆ ಮಾತ್ರ ಚುನಾವಣಾ ಆಯೋಗ ಈ ಚುನಾವಣೆ ನಡೆಸುತ್ತದೆ. ಪಂಚಾಯ್ತಿಗಳು ಆಡಳಿತಾಧಿಕಾರಿಗಳ ಕೈಯಲ್ಲೇ ಉಳಿದರೆ ಮೇಲ್ಮನೆಯ 25 ಕುರ್ಚಿಗಳೂ ಖಾಲಿ.